ಸಾಲಿ ಸಣ್ಣದು, ಹಾಜರಿ ಮನೆಮಂದಿಯದು

ಮೇ ತಿಂಗಳ ಬಿಸಿಲಲ್ಲಿ ವಿಜಾಪುರ ಜಿಲ್ಲೆಯ ನಾಯಿಗಳೂ ನೆರಳು ಬಿಟ್ಟು ಕದಲುವುದಿಲ್ಲ. ಅಂಥ ಹೊತ್ತಿನಲ್ಲೂ ಓಣಿ ಓಣಿ ತಿರುಗುವವರು ಎರಡೇ ಬಗೆಯವರು: ಲಗ್ನದ ಕಾರ್ಡು ಹಂಚುವವರು, ಸಣ್ಣ ಸಾಲಿಯ ಮಾಸ್ತರರು. ಇಬ್ಬರೂ ಕಟ್ಟೆಯ ಮೇಲೆ ಕೂತು ತಂಬಿಗೆ ನೀರು ಕುಡಿಯುತ್ತಾರೆ. ಇಬ್ಬರೂ ಮನೆಯ ಮುದುಕರ ಮೊಣಕಾಲು ನೋವು ವಿಚಾರಿಸುತ್ತಾರೆ. ಏಳುವಾಗ ಇಬ್ಬರೂ ಹೇಳುವ ಮಾತೂ ಒಂದೇ: “ಮನಿಮಂದಿ ಎಲ್ಲಾರೂ ಬರಬೇಕ್ರಿ ಮತ್ತ.” ಲಗ್ನದವರು ಇದನ್ನು ಉಪಚಾರಕ್ಕೆ ಹೇಳುತ್ತಾರೆ. ಮಾಸ್ತರರು ಮನಸಾರೆ ಹೇಳುತ್ತಾರೆ. ನಾವು ಎರಡನ್ನೂ ಉಪಚಾರ ಎಂದೇ ತಿಳಿದು, ಲಗ್ನಕ್ಕೆ ಮನೆಮಂದಿಯೆಲ್ಲ ಹೋಗಿ, ಸಾಲಿಗೆ ಹುಡುಗನೊಬ್ಬನನ್ನೇ ಕಳಿಸುತ್ತೇವೆ.

ಮಾಸ್ತರರ ಬಗಲಲ್ಲಿ ಒಂದು ವಹಿ. ವಹಿಯಲ್ಲಿ ಊರಿನ ಐದಾರು ವರ್ಷದ ಕೂಸುಗಳ ಯಾದಿ. ಯಾರ ಮಗಳು ಅಂಗನವಾಡಿ ಬಿಟ್ಟಳು, ಯಾರ ಮೊಮ್ಮಗ ಅಜ್ಜಿಯ ಊರಲ್ಲಿ ಉಳಿದ, ಯಾರ ಮನೆಗೆ ತಾಲ್ಲೂಕು ಊರಿನ ಹಳದಿ ಬಸ್ಸಿನವರು ಬಂದು ಹೋದರು, ಎಲ್ಲ ಅದರಲ್ಲಿ ಬರೆದಿರುತ್ತದೆ. ಈ ತಿರುಗಾಟಕ್ಕೆ ಕಾರಣ ಸರಳ. ಇದು ಅನುದಾನಿತ ಸಾಲಿ. ಕಟ್ಟಡ ಯಾವುದೋ ಮಠದ್ದು ಅಥವಾ ವಿದ್ಯಾವರ್ಧಕ ಸಂಘದ್ದು, ಮಾಸ್ತರರ ಪಗಾರ ಸರಕಾರದ್ದು, ಹುಡುಗರು ಊರವರು. ಹುಡುಗರು ಕಡಿಮೆಯಾದರೆ ಮಾಸ್ತರರು ‘ಹೆಚ್ಚುವರಿ’ ಆಗುತ್ತಾರೆ. ಹೆಚ್ಚುವರಿಯಾದವರನ್ನು ಇಲಾಖೆ ಬೇರೆ ಊರಿಗೆ ಕಳಿಸುತ್ತದೆ. ಹೀಗಾಗಿ ನಿಮ್ಮ ಮನೆಯಲ್ಲಿ ಮೂಗು ಸೋರಿಸಿಕೊಂಡು ಓಡಾಡುವ ಕೂಸು ಒಂದು ಹುದ್ದೆಯ ಕಂಬ. ಅದಕ್ಕೆ ಅದು ಗೊತ್ತಿಲ್ಲ, ಅಷ್ಟೇ.

ಇಂಡಿ ತಾಲ್ಲೂಕು ಬಿಟ್ಟು ಅಮೆರಿಕದ ಮಿನೆಸೋಟದಲ್ಲಿ ನೆಲೆಸಿದ ನಮ್ಮ ಅಣ್ಣನ ಮಗ ಒಂದು ರಾತ್ರಿ ಫೋನು ಮಾಡಿದ. “ಕಾಕಾ, ಇಲ್ಲಿ ಚಾರ್ಟರ್ ಸ್ಕೂಲ್ ಅಂತ ಅದಾವ. ರೊಕ್ಕ ಸರಕಾರದ್ದು, ನಡಸವ್ರು ಬ್ಯಾರೆ, ಫೀ ಇಲ್ಲ. ಭಾಳ ಸಣ್ಣ ಸಾಲಿ. ಮಗಳನ್ನ ಹಚ್ಚಬೇಕೋ ಬ್ಯಾಡೋ ಅಂತ ಮನ್ಯಾಗ ದಿನಾ ಜಗಳ ನಡದೈತಿ.”

“ಅಂಥಾವು ಇಂಡಿ ತಾಲ್ಲೂಕಿನಾಗ ಬೇಕಾದಷ್ಟ ಅದಾವಪಾ. ಇದನ್ನ ಹುಡುಕ್ಕೊಂಡ ಅಷ್ಟ ದೂರ ಯಾಕ ಹೋದಿ?” ಎಂದೆ.

ಅವನು ನಕ್ಕ. ಆದರೆ ನಾನು ಆಡಿದ್ದು ಪೂರ್ತಿ ನಗೆಯ ಮಾತಲ್ಲ. ಮಿನೆಸೋಟ ರಾಜ್ಯ ಚಾರ್ಟರ್ ಶಾಲೆಗಳ ಕಾಯಿದೆ ಮಾಡಿದ್ದು 1991ರಲ್ಲಿ. ಅಮೆರಿಕದ ಮೊದಲ ಚಾರ್ಟರ್ ಶಾಲೆ ಅಲ್ಲಿಯ ಸೇಂಟ್ ಪಾಲ್ ನಗರದಲ್ಲಿ 1992ರಲ್ಲಿ ತೆರೆಯಿತು. ನಮ್ಮಲ್ಲಿ, ಖಾಸಗಿಯವರು ಸಾಲಿ ನಡೆಸಲಿ, ಸರಕಾರ ಸಹಾಯಧನ ಕೊಡಲಿ ಎಂಬ ಏರ್ಪಾಡು ಚಾರ್ಲ್ಸ್ ವುಡ್ ಸಾಹೇಬನ 1854ರ ಶಿಕ್ಷಣ ಪತ್ರದಲ್ಲೇ ಇತ್ತು. ಲೆಕ್ಕ ಹಾಕಿದರೆ ನಾವು 137 ವರ್ಷ ಮುಂದೆ. ಮುಂದೆ ಹೋದವರು ಅಷ್ಟು ದೂರದಿಂದ ಹಿಂತಿರುಗಿ ನೋಡುತ್ತ ನಿಂತುಬಿಟ್ಟಿದ್ದೇವೆ, ಅದು ಬೇರೆ ಮಾತು.

ವ್ಯತ್ಯಾಸಗಳೂ ಇವೆ. ಅಲ್ಲಿ ಅರ್ಜಿ ಹೆಚ್ಚಾದರೆ ಚೀಟಿ ಎತ್ತಿ ಮಕ್ಕಳನ್ನು ಆರಿಸುತ್ತಾರೆ. ನಮ್ಮ ಸಣ್ಣ ಸಾಲಿಯಲ್ಲಿ ಚೀಟಿ ಎತ್ತುವ ಪ್ರಸಂಗವೇ ಬರುವುದಿಲ್ಲ, ಹುಡುಗ ಕಂಡರೆ ಮಾಸ್ತರರೇ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಇಷ್ಟು ವರ್ಷಕ್ಕೆಂದು ಕರಾರು ಬರೆದುಕೊಡಬೇಕು, ಹೇಳಿದಂತೆ ನಡೆಯದಿದ್ದರೆ ಸಾಲಿಗೆ ಬೀಗ. ನಮ್ಮಲ್ಲಿ ಯಾರೂ ಬೀಗ ಹಾಕುವುದಿಲ್ಲ, ಸಾಲಿ ತಾನೇ ಒಂದೊಂದು ವಿಷಯದಿಂದ ನಿವೃತ್ತವಾಗುತ್ತ ಹೋಗುತ್ತದೆ. ಮೊದಲು ಹಿಂದಿ ಮಾಸ್ತರರು ನಿವೃತ್ತರಾದರು, ಆ ಜಾಗ ಖಾಲಿ. ಆಮೇಲೆ ದೈಹಿಕ ಶಿಕ್ಷಕರು, ಆ ಜಾಗವೂ ಖಾಲಿ. ಬಳಿಕ ಗಣಿತದವರು. ಖಾಲಿ ಹುದ್ದೆ ತುಂಬಲು ಸರಕಾರದ ಒಪ್ಪಿಗೆ ಬೇಕು. ಒಪ್ಪಿಗೆಯ ಕಡತ ವಿಜಾಪುರಕ್ಕೆ, ಅಲ್ಲಿಂದ ಮುಂದಕ್ಕೆ ಪ್ರಯಾಣ ಹೊರಡುತ್ತದೆ. ಅದು ಮರಳಿ ಬರುವವರೆಗೆ ಸಂಸ್ಥೆಯವರು ಕೈಯಿಂದ ಅಷ್ಟಿಷ್ಟು ಕೊಟ್ಟು ಊರಿನ ಯಾರೋ ಬಿ.ಎಡ್. ಹುಡುಗನನ್ನು ನಿಲ್ಲಿಸುತ್ತಾರೆ. ಅವನೂ ಪಾಪ, ಪಾಠ ಹೇಳುತ್ತಲೇ ಸರಕಾರಿ ಮಾಸ್ತರಿಕೆಯ ಸಿಇಟಿಗೆ ಓದುತ್ತಿರುತ್ತಾನೆ.

ಆದ್ದರಿಂದ ಮಾಸ್ತರರು ಕಟ್ಟೆಯ ಮೇಲೆ ಕೂತಾಗ ಮನೆಯವರು ಕೇಳಬೇಕಾದ ಮೊದಲ ಪ್ರಶ್ನೆ ಕಟ್ಟಡದ್ದಲ್ಲ, ಕಂಪ್ಯೂಟರಿನದಲ್ಲ: “ಕಾಯಂ ಮಾಸ್ತರು ಎಷ್ಟ ಮಂದಿ ಅದಾರ್ರಿ? ಗಣಿತದವರು ಯಾವಾಗ ನಿವೃತ್ತಿ ಆಗ್ತಾರ್ರಿ?” ತಲೆಗೂದಲು ನೋಡಿ ಅಂದಾಜು ಮಾಡುವ ಕಾಲ ಹೋಯಿತು, ಈಗ ಎಲ್ಲರೂ ಬಣ್ಣ ಹಚ್ಚುತ್ತಾರೆ. ಆದರೆ ದಿನಾಂಕ ಮಾತ್ರ ಕೇಳದೆಯೂ ಹೇಳಬಹುದು: ಮೇ 31. ಯಾಕೆಂದರೆ ನಮ್ಮ ಕಡೆ ಒಂದು ಇಡೀ ಪೀಳಿಗೆ ಹುಟ್ಟಿದ್ದು ಜೂನ್ 1ರಂದು. ಅವ್ವ “ದೊಡ್ಡ ಮಳಿ ಬಂದ ವರ್ಷ, ಕಾರಹುಣ್ಣಿವಿ ಹಿಂದ-ಮುಂದ” ಎನ್ನುತ್ತಿದ್ದಳು, ಮಾಸ್ತರರು ಕನ್ನಡಕ ಏರಿಸಿ “ಒಂದು-ಆರು” ಎಂದು ಬರೆಯುತ್ತಿದ್ದರು. ಹೀಗೆ ಬರೆಸಿಕೊಂಡವರೇ ಮುಂದೆ ಮಾಸ್ತರರಾದರು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರಕಾರಿ ನಿಯಮ. ಹೀಗಾಗಿ ಮೇ 31ಕ್ಕೆ ಜಿಲ್ಲೆಯಲ್ಲಿ ಶಾಲು-ಹಾರಗಳ ವ್ಯಾಪಾರ ಜೋರು. ಅದೇ ವಾರ ಸಾಲಿ ತೆರೆದು ಹುಡುಗರು ಬಂದರೆ ಲೆಕ್ಕದ ಮಾಸ್ತರರು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಿರುತ್ತಾರೆ.

ಆ ಹಳೆಯ ಮಾಸ್ತರರನ್ನು ನಗುವುದು ಸುಲಭ. ಆದರೆ ಸರಕಾರ ಈಗ ಅವರ ದಾರಿಗೇ ಬಂದಿದೆ. 2025-26ರಿಂದ ಒಂದನೆಯ ಇಯತ್ತೆಗೆ ಸೇರುವ ಕೂಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ನಿಯಮವಾಯಿತು. ಪಾಲಕರ ಗದ್ದಲ ಹೆಚ್ಚಾಗಿ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲವಾಯಿತು. ಜನನ ಪ್ರಮಾಣಪತ್ರ, ಆಧಾರ್, ಅಂಗನವಾಡಿಯ ದಾಖಲೆ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಒಂದರಲ್ಲಿ ‘ಬಸಮ್ಮ’, ಇನ್ನೊಂದರಲ್ಲಿ ‘ಬಸವ್ವ’, ಮತ್ತೊಂದರಲ್ಲಿ ‘ಬಸಲಿಂಗಮ್ಮ’ ಇದ್ದರೆ ಮೂವರು ಹುಡುಗಿಯರನ್ನು ಹಚ್ಚಿದಂತಾಗಿ ಮಾಸ್ತರರಿಗೆ ಖುಷಿಯಾಗಬಹುದು. ಹತ್ತು ವರ್ಷದ ನಂತರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದಾಗ ತಹಶೀಲ್ದಾರ ಕಚೇರಿಗೆ ಅಲೆಯುವವರು ನೀವು.

ಈ ಸೀಮೆಯ ಸಾಲಿಗಳ ಕಥೆಯೇ ಮನೆಮಂದಿ ಕೂಡಿ ಕಟ್ಟಿದ ಕಥೆ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದ್ದು 1910ರಲ್ಲಿ. ಮುಂದೆ ಅದಕ್ಕೆ ಬಲ ತುಂಬಿದವರು ಇಂಡಿ ಕಡೆಯ ಬಂಥನಾಳದ ಸಂಗನಬಸವ ಶಿವಯೋಗಿಗಳು. ದೊಡ್ಡ ಸಂಸ್ಥೆಗಳನ್ನು ನೋಡಿ ತಾಲ್ಲೂಕಿನವರೂ ಸಂಘ ಕಟ್ಟಿದರು. ಇಲ್ಲಿಯ ಕಾಲೇಜುಗಳ ಹೆಸರು ಓದಿದರೆ ಸಾಕು, ಯಾರ್ಯಾರ ಗಲ್ಲೆಯಿಂದ ರೊಕ್ಕ ಬಂತು ಎಂಬ ಜಮಾಖರ್ಚು ಸಿಗುತ್ತದೆ. ಇಂಡಿಯಲ್ಲಿ ಜಿ.ಆರ್. ಗಾಂಧಿ ಕಲಾ, ವೈ.ಎ. ಪಾಟೀಲ ವಾಣಿಜ್ಯ ಮತ್ತು ಎಂ.ಎಫ್. ದೋಶಿ ವಿಜ್ಞಾನ ಕಾಲೇಜು. ಸಿಂದಗಿಯಲ್ಲಿ ಜಿ.ಪಿ. ಪೋರವಾಲ ಕಲಾ, ವಾಣಿಜ್ಯ ಮತ್ತು ವಿ.ವಿ. ಸಾಲಿಮಠ ವಿಜ್ಞಾನ ಕಾಲೇಜು. ಒಂದೇ ಉಸಿರಿನಲ್ಲಿ ಹೆಸರು ಹೇಳಿ ಮುಗಿಸಿದವನಿಗೆ ಅರ್ಧ ಪದವಿ ಕೊಟ್ಟರೂ ತಪ್ಪಿಲ್ಲ. ಆದರೆ ಆ ಉದ್ದದಲ್ಲಿ ಒಂದು ಮರ್ಯಾದೆ ಇದೆ: ವ್ಯಾಪಾರಿಗಳು, ಗೌಡರು, ಮಠಸ್ಥರು ಒಂದೇ ಫಲಕದ ಮೇಲೆ ಅಕ್ಕಪಕ್ಕ ಕೂತಿದ್ದಾರೆ.

ಸಣ್ಣ ಸಾಲಿಯಿಂದ ದೊಡ್ಡವರಾದವರಿಗೂ ಇಲ್ಲಿ ಬರವಿಲ್ಲ. ಸಂಶೋಧಕ ಎಂ.ಎಂ. ಕಲಬುರ್ಗಿಯವರು 1938ರಲ್ಲಿ ಸಿಂದಗಿ ತಾಲ್ಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿ, ಯರಗಲ್ಲಿನ ಕನ್ನಡ ಸಾಲಿಯಲ್ಲಿ ಪಾಟಿ ಹಿಡಿದು, ಸಿಂದಗಿಯ ಹೈಸ್ಕೂಲಿಗೆ ಬಂದವರು. ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು 1903ರಲ್ಲಿ ಸಿಂದಗಿಯಲ್ಲಿ ಹುಟ್ಟಿದವರು. ನಿಜಾಮನನ್ನು ಎದುರಿಸುವ ಮೊದಲು ಅವರು ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ್ದರು. ಹಳ್ಳಿಯ ಹುಡುಗರನ್ನು ಸಾಲಾಗಿ ಕೂಡಿಸಿದವರಿಗೆ ನಿಜಾಮ ಯಾವ ಲೆಕ್ಕ! ಹಲಸಂಗಿ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರು ಹೊಟ್ಟೆಪಾಡಿಗೆ ಕನ್ನಡ ಸಾಲಿಯ ಮಾಸ್ತರರು. ಪಾಠ ಮುಗಿಸಿ, ಬೀಸುವ ಹೆಣ್ಣುಮಕ್ಕಳ ಹಾಡು ಬರೆದುಕೊಳ್ಳಲು ಕೂತರು. ಅವರ ಪಾಲಿಗೆ ಪಾಲಕರ ಸಭೆ ಹಿತ್ತಿಲಿನ ಬೀಸುಕಲ್ಲಿನ ಮುಂದೆಯೇ ನಡೆಯುತ್ತಿತ್ತು.

ಇಷ್ಟು ಹಿಗ್ಗಿದ ಮೇಲೆ ಜೇಬಿನ ಮಾತಿಗೆ ಬರೋಣ. ಸಾಲಿ ಅನುದಾನಿತ ಎಂದು ಬೋರ್ಡಿನಲ್ಲಿ ಬರೆದ ಮಾತ್ರಕ್ಕೆ ನಿಮ್ಮ ಕೂಸು ಕೂರುವ ಕೋಣೆಯೂ ಅನುದಾನಿತ ಎಂದು ತಿಳಿಯಬೇಡಿ. ಒಂದೇ ಕಟ್ಟಡದಲ್ಲಿ ಎ ವಿಭಾಗಕ್ಕೆ ಅನುದಾನ ಇರುತ್ತದೆ, ಬಿ ವಿಭಾಗಕ್ಕೆ ಇರುವುದಿಲ್ಲ. ಹೈಸ್ಕೂಲಿಗೆ ಇದ್ದು ಪ್ರಾಥಮಿಕಕ್ಕೆ ಇಲ್ಲದಿರುವುದೂ ಉಂಟು. 1995ರ ಈಚೆಗೆ ಶುರುವಾದ ಕನ್ನಡ ಸಾಲಿಗಳಂತೂ ಅನುದಾನದ ದಾರಿ ಕಾಯುತ್ತ ಬೆಳ್ಳಿಹಬ್ಬ ಮಾಡಿಕೊಂಡಿವೆ. ಗೋಡೆಯ ಈ ಬದಿ ಪುಸ್ತಕ ಪುಕ್ಕಟೆ, ಆ ಬದಿ ಫೀ. ಹುಡುಗರಿಗೆ ಗೋಡೆ ಕಾಣುವುದಿಲ್ಲ, ಚೆಂಡು ಎರಡೂ ಕಡೆ ಹಾರುತ್ತದೆ. ಪಾವತಿ ಮಾತ್ರ ಸರಿಯಾಗಿ ನಿಮ್ಮ ಕೈಗೇ ಬರುತ್ತದೆ. ಮಾನ್ಯತೆ ಯಾವ ಇಯತ್ತೆಯವರೆಗೆ ಇದೆ, ಯಾವ ಮಾಧ್ಯಮಕ್ಕೆ ಇದೆ ಎಂಬುದನ್ನೂ ಕಾಗದದಲ್ಲೇ ನೋಡಬೇಕು. ಪ್ರತಿ ಸಾಲಿಗೂ 11 ಅಂಕಿಗಳ ಒಂದು ಯು-ಡೈಸ್ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಬಿಇಓ ಆಫೀಸಿನಲ್ಲಿ ಕೇಳಿದರೆ ಜಾತಕ ಹೊರಬೀಳುತ್ತದೆ. ಸೊಸೆ ತರುವಾಗ ಮೂರು ಊರು ತಿರುಗಿ ವಿಚಾರಿಸುವ ನಾವು ಸಾಲಿಯ ವಿಚಾರಕ್ಕೆ ಇಷ್ಟಾದರೂ ತಿರುಗಬಾರದೇ?

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಸಂಸ್ಥೆಗಳವನ್ನು ಬಿಟ್ಟು ಉಳಿದ ಸಾಲಿಗಳಿಗೆ ಅನ್ವಯ. ಸೇರಿಸುವಾಗ ಕೂಸಿಗೆ ಪರೀಕ್ಷೆ ಇಡುವಂತಿಲ್ಲ, ಡೊನೇಷನ್ ಕೇಳುವಂತಿಲ್ಲ, ಹೊಡೆಯುವಂತಿಲ್ಲ. ಈ ಮೂರನೆಯದನ್ನು ಊರಿಗೆ ಒಪ್ಪಿಸುವುದು ಸರಕಾರಕ್ಕಿಂತ ಮಾಸ್ತರರಿಗೇ ಕಷ್ಟವಾಗಿದೆ. ಇವತ್ತಿಗೂ ಅಪ್ಪಂದಿರು ಹುಡುಗನ ರಟ್ಟೆ ಹಿಡಿದು ತಂದು, “ಕಣ್ಣು ಎರಡು ಬಿಟ್ಟು ಉಳಿದದ್ದೆಲ್ಲಾ ನಿಮ್ಮದ್ರಿ ಸರ” ಎಂದು ಒಪ್ಪಿಸಿ ಹೋಗುತ್ತಾರೆ. ಸರ್‌ಗೆ ಕಾಯಿದೆಯ ಕಲಂ ನೆನಪಾಗಿ ಬೆವರು ಬರುತ್ತದೆ. “ಕಣ್ಣೂ ನಿಮ್ಮದ, ಉಳಿದದ್ದೂ ನಿಮ್ಮದರಿ. ನಮಗ ಹಾಜರಿ ಅಷ್ಟ ಕೊಡ್ರಿ” ಎಂದು ಒಬ್ಬ ಮಾಸ್ತರರು ಕೈ ಮುಗಿದದ್ದನ್ನು ನಾನೇ ನೋಡಿದ್ದೇನೆ.

ಸಣ್ಣ ಸಾಲಿಯ ದೊಡ್ಡ ಗುಣ, ಎಲ್ಲರಿಗೂ ಎಲ್ಲರೂ ಗೊತ್ತು. ಹುಡುಗ ಎರಡು ದಿನ ಬಾರದಿದ್ದರೆ ಹಾಜರಿ ಪುಸ್ತಕ ತೆರೆಯಬೇಕಿಲ್ಲ, ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಕಾರಣ ತಿಳಿಯುತ್ತದೆ. ಹುಡುಗಿಯ ಮುಖ ಬಾಡಿದ್ದರೆ ಅಕ್ಕೋರಿಗೆ ಅವಳ ಮನೆಯಲ್ಲಿ ನಿನ್ನೆ ಏನಾಯಿತೆಂದು ಅರ್ಧ ಗೊತ್ತು, ಉಳಿದ ಅರ್ಧ ಬಿಸಿಯೂಟದ ಅಡುಗೆಯವರು ಹೇಳುತ್ತಾರೆ. ಒಂದೇ ಕೋಣೆಯಲ್ಲಿ ಎರಡು ಇಯತ್ತೆ ಕೂತಿದ್ದರೆ ಎರಡನೆಯದರ ಜಾಣ ಹುಡುಗಿ ಮೂರನೆಯದರ ಮಗ್ಗಿಯನ್ನು ಪುಕ್ಕಟೆಯಾಗಿ ಕಲಿಯುತ್ತಾಳೆ. ಮೂರನೆಯದರ ದಡ್ಡ ಹುಡುಗ ಎರಡನೆಯದರ ಪಾಠವನ್ನು ಇನ್ನೊಮ್ಮೆ ಕೇಳಿ ಯಾರಿಗೂ ಗೊತ್ತಾಗದಂತೆ ಸುಧಾರಿಸುತ್ತಾನೆ. ಇಂಥ ಸೌಕರ್ಯ ನೂರೆಂಟು ಕೋಣೆಯ ಸಾಲಿಯಲ್ಲಿ ಎಷ್ಟು ಫೀ ಕೊಟ್ಟರೂ ಸಿಗದು.

ಅದರ ದೊಡ್ಡ ಅವಗುಣವೂ ಇದೇ, ಎಲ್ಲರಿಗೂ ಎಲ್ಲರೂ ಗೊತ್ತು. “ನಿಮ್ಮಪ್ಪನೂ ಲೆಕ್ಕದಾಗ ಹಿಂಗ ಇದ್ದ ನೋಡು” ಎಂದು ಮಾಸ್ತರರು ಮೂರನೆಯ ಇಯತ್ತೆಯಲ್ಲಿ ಅಂದುಬಿಟ್ಟರೆ ಹುಡುಗನಿಗೆ ಆ ಮಾತು ಹತ್ತನೆಯವರೆಗೂ ಅಂಟುತ್ತದೆ. ಅಪ್ಪನೂ ಅದನ್ನು ಅಭಿಮಾನದಿಂದ ಒಪ್ಪಿಕೊಳ್ಳುವುದುಂಟು. ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ದೊಡ್ಡವರು ಮುಖ ಕೆಡಿಸಿಕೊಂಡರೆ ಮರುದಿನ ಅವರ ಮಕ್ಕಳು ಬೇರೆ ಬೇರೆ ಬೆಂಚು ಹುಡುಕುತ್ತಾರೆ. ಇರುವುದೇ ನಾಲ್ಕು ಬೆಂಚು. ಸಂಸ್ಥೆಯ ಅಧ್ಯಕ್ಷರ ಮೊಮ್ಮಗನಿಗೂ ನಿಮ್ಮ ಮಗನಿಗೂ ಜಗಳವಾದರೆ ನ್ಯಾಯ ಹೇಳುವವರ ಪಾಡು ನೀವೇ ಊಹಿಸಿ. ಸಣ್ಣ ಸಾಲಿಗೆ ಕೂಸನ್ನು ಹಚ್ಚುವ ಮನೆಯವರು ಕಟ್ಟೆಯ ಜಗಳವನ್ನು ಕಟ್ಟೆಯಲ್ಲೇ ಬಿಡುವುದನ್ನು ಕೂಸಿಗಿಂತ ಮೊದಲು ಕಲಿಯಬೇಕು. ಇದಕ್ಕೆ ಪಠ್ಯಪುಸ್ತಕ ಇಲ್ಲ.

ಊಟದ ವಿಷಯಕ್ಕೆ ಬಂದರೆ, ಬಿಸಿಯೂಟ ಕರ್ನಾಟಕದಲ್ಲಿ ಮೊದಲು ಉರಿ ಹಚ್ಚಿದ್ದು 2002ರಲ್ಲಿ, ಉತ್ತರದ ಏಳು ಜಿಲ್ಲೆಗಳ ಸರಕಾರಿ ಸಾಲಿಗಳಲ್ಲಿ. ಅವುಗಳಲ್ಲಿ ನಮ್ಮದೂ ಒಂದು. ಅನುದಾನಿತ ಸಾಲಿಗಳಿಗೆ ಆಮೇಲೆ ಬಂತು. ಬಿಳಿಜೋಳದ ನಾಡಿನಲ್ಲಿ ಅನ್ನ ಎಂದರೆ ಆಗ ಹಬ್ಬಕ್ಕೋ ಜಡ್ಡಿಗೋ ಮಾಡುವ ಪದಾರ್ಥ. ದಿನಾ ಅನ್ನ-ಸಾಂಬಾರು ಉಂಡು ಬಂದ ಹುಡುಗರು ಮನೆಯಲ್ಲಿ ರೊಟ್ಟಿ ನೋಡಿ ಮುಖ ತಿರುಗಿಸಿದಾಗ ಅಜ್ಜಿಯರು ಸಾಲಿಯ ಮೇಲೆಯೇ ಸಿಟ್ಟಾದರು. 2013ರಲ್ಲಿ ಹಾಲು ಬಂತು, ಬಳಿಕ ತತ್ತಿ ಬಂತು, ಒಲ್ಲೆ ಎಂದವರಿಗೆ ಬಾಳೆಹಣ್ಣು ಬಂತು. ಈಗ ರಾಗಿ ಮಾಲ್ಟು. ರಾಗಿ ಮೈಸೂರು ಕಡೆಯದು ಎಂದು ನಂಬಿದ್ದ ಸಿಂದಗಿಯ ಅಜ್ಜಿಗೆ ಏಕೀಕರಣ ಈಗ ಪೂರ್ಣವಾದಂತೆ ಕಾಣುತ್ತಿದೆ. ಮನೆಯವರಿಗೆ ನನ್ನ ಸಲಹೆ, ವರ್ಷದಲ್ಲಿ ನಾಲ್ಕಾರು ಸಲವಾದರೂ ಊಟದ ಹೊತ್ತಿಗೆ ಹೇಳದೆ ಕೇಳದೆ ಸಾಲಿಗೆ ಹೋಗಿ. ಪಾಠದ ಹೊತ್ತಿಗೆ ಹೋದರೆ ಮಾಸ್ತರರು ಕುರ್ಚಿ ಹಾಕಿ ಚಹಾ ತರಿಸುತ್ತಾರೆ, ನಿಮಗೆ ಕಾಣುವುದು ಚಹಾ ಮಾತ್ರ. ಊಟದ ಸಾಲಿನ ಹತ್ತಿರ ನಿಂತರೆ ಯಾರು ಯಾರ ಪಕ್ಕ ಕೂರುತ್ತಾರೆ, ಯಾರು ಒಬ್ಬರೇ ಕೂರುತ್ತಾರೆ, ತಾಟು ಯಾರು ತೊಳೆಯುತ್ತಾರೆ ಎಲ್ಲ ಕಾಣುತ್ತದೆ. ಸಾಲಿ ಹೇಗಿದೆ ಎಂಬುದಕ್ಕೆ ಅದಕ್ಕಿಂತ ನಂಬಿಗಸ್ತ ಅಂಕಪಟ್ಟಿ ನಾನು ನೋಡಿಲ್ಲ.

ಹಾಜರಿಯ ಮಾತು ಬಂದಾಗ ನಾವು ಮಾಸ್ತರರ ಕಡೆ ಬೆರಳು ಮಾಡುವ ಮೊದಲು ಪಂಚಾಂಗ ತೆಗೆದು ನೋಡಬೇಕು. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು, ಅದು ಒಂದು ದಿನ. ಉಳಿದ ಬುತ್ತಿ ತಿನ್ನಲು ಇನ್ನೊಂದು ದಿನ. ಶ್ರಾವಣದಲ್ಲಿ ಬಾಗೇವಾಡಿಯ ಬಸವೇಶ್ವರ ಜಾತ್ರೆ. ಊರ ದೇವರ ತೇರು, ಸೋದರತ್ತೆಯ ಊರಿನ ತೇರು, ಸೋದರತ್ತೆಯ ಬೀಗರ ಊರಿನ ತೇರು. ಶನಿವಾರ ಮುಂಜಾನೆ ಸಾಲಿ, ಬೇಗ ಏಳಬೇಕಾದ್ದರಿಂದ ಅದೂ ಅನುಮಾನ. ಇವೆಲ್ಲ ನಗೆಯ ಗೈರುಹಾಜರಿಗಳು. ದೀಪಾವಳಿ ಹೊತ್ತಿಗೆ ಬರುವುದು ಬೇರೆ ಜಾತಿಯದು. ಮುಕಾದಮ ಮುಂಗಡ ಕೊಟ್ಟು ಹೋಗಿರುತ್ತಾನೆ, ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೊರಡುವ ಗಾಡಿಯಲ್ಲಿ ಮಕ್ಕಳೂ ಹತ್ತುತ್ತಾರೆ. ದೊಡ್ಡ ಸಾಲಿಯಲ್ಲಿ ಇದು ಹಾಜರಿ ಪುಸ್ತಕದ ಒಂದು ಕೆಂಪು ಗೆರೆ. ಸಣ್ಣ ಸಾಲಿಯಲ್ಲಿ ಗಾಡಿ ಹೊರಡುವ ಹಿಂದಿನ ರಾತ್ರಿ ಮಾಸ್ತರರು ಮನೆಗೆ ಬಂದು, “ದೊಡ್ಡಾಕಿನ್ನರ ಅಜ್ಜಿ ಹಂತ್ಯಾಕ ಬಿಟ್ಟ ಹೋಗ್ರಿ, ಹತ್ತನೇತ್ತೆ ಐತಿ” ಎಂದು ಜಗಳ ತೆಗೆಯುವುದನ್ನು ಕೇಳಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಿ ಬೇಕು ಎಂಬ ನಿಯಮ ಅವರ ಬಾಯಲ್ಲಿ ಬೇಡಿಕೆಯಾಗಿ ಬರುತ್ತದೆ. ಅಜ್ಜಿ ಒಪ್ಪಿದರೆ ಹುಡುಗಿಗೆ ಪರೀಕ್ಷೆ, ಇಲ್ಲವಾದರೆ ಇಲ್ಲ. ಆ ರಾತ್ರಿ ಸಾಲಿಗೆ ಸೇರಬೇಕಾದವಳು ಅಜ್ಜಿ.

ಹಾಗೆ ಹುಡುಗರು ಹೋಗುವ ಇನ್ನೊಂದು ದಾರಿ ಐದನೆಯ ಇಯತ್ತೆಯಲ್ಲಿ ತೆರೆಯುತ್ತದೆ. ಸಿಂದಗಿ, ಇಂಡಿ, ಮುದ್ದೇಬಿಹಾಳ, ತಾಳಿಕೋಟಿಗಳ ಗೋಡೆಗಳ ಮೇಲೆ ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು ಕೋಚಿಂಗ್ ಎಂದು ಬರೆದ ಜಾಹೀರಾತುಗಳಿಗೆ ಲೆಕ್ಕವಿಲ್ಲ. ವಿಜಾಪುರದ ಸೈನಿಕ ಶಾಲೆ 1963ರದು, ನವೋದಯ ಆಲಮಟ್ಟಿಯಲ್ಲಿದೆ. ಎರಡೂ ಒಳ್ಳೆಯ ಸಾಲಿಗಳು, ಸೀಟು ಮಾತ್ರ ಬೆರಳೆಣಿಕೆಯವು. ಹತ್ತು ವರ್ಷದ ಹುಡುಗ ಊರಿನ ಸಾಲಿಯಲ್ಲಿ ಹೆಸರು ಇಟ್ಟು, ಕೋಚಿಂಗ್ ಕೋಣೆಯಲ್ಲಿ ದೇಹ ಇಟ್ಟು, ವರ್ಷವಿಡೀ ಬಾಣದ ಗುರುತು ಎಡಕ್ಕೆ ತಿರುಗಿದರೆ ಮುಂದಿನ ಚಿತ್ರ ಯಾವುದೆಂದು ಯೋಚಿಸುತ್ತಾನೆ. ಸೀಟು ಸಿಕ್ಕರೆ ಪೇಡೆ ಹಂಚುತ್ತಾರೆ. ಸಿಗದವನು ಆರನೆಯ ಇಯತ್ತೆಗೆ ಹಳೆಯ ಬೆಂಚಿಗೆ ಮರಳಿದಾಗ ಯಾರೂ ಏನೂ ಅನ್ನದಂತೆ ನೋಡಿಕೊಳ್ಳುವುದು ಸಣ್ಣ ಸಾಲಿಯ ಮಾಸ್ತರರಿಗೆ ಮಾತ್ರ ಬರುವ ವಿದ್ಯೆ. ಹೊರಗೆ ಹೋಗಿ ಓದುವುದೇ ತಪ್ಪೆಂದು ನಾನು ಹೇಳಲಾರೆ. ಬಸವಣ್ಣನವರೇ ಎಂಟನೆಯ ವಯಸ್ಸಿಗೆ ಜನಿವಾರ ಒಲ್ಲೆನೆಂದು ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಹೋದರು ಎಂದು ಕಥೆ ಇದೆ. ಆದರೆ ಅವರು ಕೋಚಿಂಗ್ ಇಲ್ಲದೆ, ತಾವಾಗಿ ಹೋದರು.

ತಾಲ್ಲೂಕು ಊರಿನ ಹಳದಿ ಬಸ್ಸು ಹತ್ತಿಸುವ ಮೊದಲು ಮನೆಯವರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಅದನ್ನು ಬಸ್ಸಿನವರು ಹೇಳುವುದಿಲ್ಲ. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದ ಸಾಲಿಯಲ್ಲಿ ಓದಿದವರಿಗೆ ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಶೇ. 15 ಮೀಸಲಾತಿ ಇದೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಪುರಸಭೆ, ಪಟ್ಟಣ ಪಂಚಾಯಿತಿಗಳ ಗೆರೆಯೊಳಗಿನ ಸಾಲಿ ಗ್ರಾಮೀಣ ಎನಿಸಿಕೊಳ್ಳುವುದಿಲ್ಲ. ಹಳ್ಳಿಯಲ್ಲಿ ಮಲಗಿ ಎದ್ದು ಪಟ್ಟಣದಲ್ಲಿ ಓದಿದವನು ಕಾಯಿದೆಯ ಕಣ್ಣಿಗೆ ಪಟ್ಟಣದವನು. ಭೀಮಾ ಹೊಳೆಯ ಆಚೆ ಅಫಜಲಪುರದವರಿಗೆ ಸಂವಿಧಾನದ 371(ಜೆ) ಕಲಮಿನ ವಿಶೇಷ ಮೀಸಲಾತಿ ಇದೆ. ಈಚೆಯ ದಂಡೆಯ ಇಂಡಿ, ಸಿಂದಗಿಯವರು ಹಳೆಯ ಮುಂಬಯಿ ಪ್ರಾಂತದವರಾದ್ದರಿಂದ ಅದು ಇಲ್ಲ. ಅವರ ಕೈಯಲ್ಲಿರುವ ಕಾಗದವೆಂದರೆ ಈ ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರ. ಅದನ್ನೂ ಟೈ-ಬೂಟಿಗೆ ಮಾರಿಕೊಂಡರೆ ಹೊಳೆಗೆ ಬಯ್ದು ಪ್ರಯೋಜನವಿಲ್ಲ.

ಫಲಿತಾಂಶದ ಬ್ಯಾನರನ್ನು ಹೇಗೆ ಓದಬೇಕೆಂದೂ ಹೇಳಿಬಿಡುತ್ತೇನೆ. ‘ನೂರಕ್ಕೆ ನೂರು ಫಲಿತಾಂಶ’ ಎಂದು ಕಂಡರೆ ಎಷ್ಟು ಮಂದಿ ಕೂತಿದ್ದರು ಎಂದು ಕೇಳಿ. ಹನ್ನೆರಡು ಮಂದಿ ಕೂತು ಹನ್ನೆರಡೂ ಪಾಸಾದರೆ ನೂರಕ್ಕೆ ನೂರು. ಮರುವರ್ಷ ಮೂವರು ಎಡವಿದರೆ ಎಪ್ಪತ್ತೈದು. ಸಾಲಿ ಒಂದೇ ವರ್ಷದಲ್ಲಿ ಹಾಳಾಗಿಲ್ಲ, ಮೂವರು ಎಡವಿದ್ದಾರೆ ಅಷ್ಟೇ. ಆ ಮೂವರು ಯಾರು, ಯಾಕೆ ಎಡವಿದರು ಎಂದು ಹೆಡ್‌ಮಾಸ್ತರರು ಹೆಸರು ಹಿಡಿದು ಹೇಳಿದರೆ ಅದು ಒಳ್ಳೆಯ ಸಾಲಿ. ಒಂದು ಮಾತು ನೆನಪಿರಲಿ: ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗಳಿಗೆ 2024ರಲ್ಲಿ ಸಿಸಿ ಕ್ಯಾಮೆರಾ ಹಚ್ಚಿ ದೂರದಿಂದ ನೋಡತೊಡಗಿದಾಗ ಇಡೀ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ. ಕ್ಯಾಮೆರಾ ಪಾಠ ಹೇಳುವುದಿಲ್ಲ. ಹೇಳದೇ ಉಳಿದ ಪಾಠ ಎಷ್ಟೆಂದು ತೋರಿಸಿತು.

ಮಿನೆಸೋಟದ ಹುಡುಗ ಕೊನೆಗೆ ಮಗಳನ್ನು ಆ ಸಣ್ಣ ಸಾಲಿಗೇ ಹಚ್ಚಿದ. ಈಗ ಅವನದು ಬೇರೆ ಗೋಳು. “ಕಾಕಾ, ಇಲ್ಲಿ ಪಾಲಕರೂ ಬಂದು ಲೈಬ್ರರಿ ಪುಸ್ತಕ ಜೋಡಸಬೇಕಂತ. ತಿಂಗಳಿಗೊಮ್ಮೆ ಸಭಾ. ಹೋಗಲಿಲ್ಲಂದ್ರ ಮಗಳು ಮಾತಾಡಂಗಿಲ್ಲ.” ನಮ್ಮಲ್ಲಿಯೂ ಕಾಯಿದೆ ಅದನ್ನೇ ಬಯಸುತ್ತದೆ. ಸರಕಾರಿ, ಅನುದಾನಿತ ಸಾಲಿಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ಕಾಗದದ ಮೇಲೆ ಇದ್ದೇವೆ. ಸಭೆಯ ದಿನ ನಾಲ್ಕಾರು ತಾಯಂದಿರು ಬರುತ್ತಾರೆ, ಗಂಡಸರು ಸಹಿಗೆ ಸಿಗುತ್ತಾರೆ. ಹಾಗೆ ಸಹಿ ಹಾಕಲು ಬಂದ ಒಬ್ಬ ತಂದೆ ಬಾಗಿಲಲ್ಲೇ ನಿಂತು, “ನಮ್ಮ ಹುಡುಗ ಹ್ಯಾಂಗ ಓದ್ತಾನ್ರಿ ಸರ?” ಎಂದು ಕೇಳಿದ. “ಯಾವ ಇಯತ್ತಿರಿ?” ಎಂದರು ಮಾಸ್ತರರು. ಆತ ಯೋಚಿಸಿದ, ಮೊಬೈಲ್ ತೆಗೆದು ಮನೆಗೆ ಫೋನು ಹಚ್ಚಿದ. ಮಾಸ್ತರರು ಕಾಯ್ದರು. ಅವರಿಗೆ ಉತ್ತರ ಮೊದಲೇ ಗೊತ್ತಿತ್ತು, ಆದರೆ ತಂದೆಗೂ ಒಂದು ಪಾಠ ಆಗಲಿ ಎಂದು ಸುಮ್ಮನಿದ್ದರು.

ಹಾಗಾದರೆ ಹಚ್ಚಬೇಕೋ ಬೇಡವೋ? ವಿಜಾಪುರಕ್ಕಾಗಲಿ ಮಿನೆಸೋಟಕ್ಕಾಗಲಿ ನನ್ನ ಉತ್ತರ ಒಂದೇ. ನಿಮಗೆ ಪುರಸೊತ್ತಿಲ್ಲವಾದರೆ ದೊಡ್ಡ ಸಾಲಿಯೇ ಒಳ್ಳೆಯದು. ಅಲ್ಲಿ ನೀವು ಬಾರದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ, ಫೀ ಕಟ್ಟಿದರೆ ಹಾಜರಿ ಹಾಕಿದಂತೆ. ಸಣ್ಣ ಸಾಲಿಗೆ ಅಂಥ ತಾಕತ್ತು ಇಲ್ಲ. ನಾಲ್ವರು ಕಾಯಂ ಮಾಸ್ತರರು, ಅರವತ್ತು ಹುಡುಗರು, ಸೋರುವ ಒಂದು ಕೋಣೆ ಇವುಗಳ ಮೇಲೆ ಅದು ನಿಂತಿದೆ. ಸೋರುವ ಕೋಣೆಯ ಬಗ್ಗೆ ಸಂಸ್ಥೆಯವರನ್ನು ಕೇಳಲು ನೀವು ಹೋಗಬೇಕು, ಖಾಲಿ ಹುದ್ದೆಯ ಬಗ್ಗೆ ಬಿಇಓ ಆಫೀಸಿಗೆ ನಾಲ್ಕು ಮಂದಿ ಕೂಡಿ ಅರ್ಜಿ ಒಯ್ಯಬೇಕು, ಗುಳೆ ಹೊರಟ ಪಕ್ಕದ ಮನೆಯ ಹುಡುಗಿಯನ್ನು ನಾಲ್ಕು ತಿಂಗಳು ನಿಮ್ಮ ಮನೆಯಲ್ಲಿ ಉಣ್ಣಿಸಲೂ ಬೇಕಾದೀತು. ಇಷ್ಟಕ್ಕೆ ಒಪ್ಪಿಗೆ ಇದ್ದರೆ ಧೈರ್ಯವಾಗಿ ಹಚ್ಚಿ. ಜೂನಿನಲ್ಲಿ ಕೂಸಿಗೆ ಒಂದು ಪಾಟೀಚೀಲ ಕೊಳ್ಳುವಾಗ ನಿಮಗೂ ಒಂದು ಜೊತೆ ಗಟ್ಟಿ ಚಪ್ಪಲಿ ಕೊಂಡುಕೊಳ್ಳಿ. ಬಿಇಓ ಆಫೀಸಿನ ಮೆಟ್ಟಿಲು ಬಹಳ ಇವೆ.